ಡಿ ಜೊತೆಗೆ ಕೆ ಬೇಕೇ?

1933ರ ಫೆಬ್ರುವರಿ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಿಮಗಾಳಿ ಬೀಸುತ್ತಿತ್ತು. ಡೀರ್ ಪಾರ್ಕ್ ಕಡೆಯ ಎಡ್ ಕಾರ್ಲ್‌ಸನ್ ಎಂಬ ರೈತ ಸತ್ತ ಕಡಸೊಂದನ್ನು ಟ್ರಕ್ಕಿಗೆ ಹೇರಿಕೊಂಡು ಸುಮಾರು ಮುನ್ನೂರು ಕಿಲೋಮೀಟರ್ ದೂರದ ಮ್ಯಾಡಿಸನ್ನಿಗೆ ಹೊರಟ. ಜೊತೆಗೆ ಬೂಸಲು ಹಿಡಿದ ಒಂದು ಹೊರೆ ಮೇವು, ಹಾಲಿನ ಕ್ಯಾನಿನಲ್ಲಿ ದನದ ರಕ್ತ. ಕ್ಯಾನಿನಲ್ಲಿದ್ದ ರಕ್ತ ಹೆಪ್ಪುಗಟ್ಟಿರಲಿಲ್ಲ. ಅವತ್ತು ಶನಿವಾರ, ಪಶುವೈದ್ಯಾಧಿಕಾರಿಯ ಕಚೇರಿ ಮುಚ್ಚಿತ್ತು. ಅಲೆದಾಡಿ ಕೊನೆಗೆ ಅವನು ಬಂದು ನಿಂತದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೀವರಸಾಯನ ವಿಭಾಗದ ಬಾಗಿಲಲ್ಲಿ, ಕಾರ್ಲ್ ಪೌಲ್ ಲಿಂಕ್ ಎಂಬ ವಿಜ್ಞಾನಿಯ ಮುಂದೆ.

ಲಿಂಕ್ ಅವರ ಕೈಯಲ್ಲಿ ಆಗ ಮದ್ದೇನೂ ಇರಲಿಲ್ಲ. ಆ ಮೇವು ಹಾಕುವುದನ್ನು ನಿಲ್ಲಿಸು ಎಂದಷ್ಟೇ ಹೇಳಿ ಕಳಿಸಿದರು. ಆದರೆ ಆ ಕ್ಯಾನು ಅವರನ್ನು ಬಿಡಲಿಲ್ಲ. ಸ್ವೀಟ್ ಕ್ಲೋವರ್ ಎಂಬ ಆ ಮೇವಿಗೆ ಬೂಸಲು ಹಿಡಿದಾಗ ಹುಟ್ಟುವ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವನ್ನು ಅವರ ತಂಡ 1939ರಲ್ಲಿ ಬೇರ್ಪಡಿಸಿತು. ಅದರ ಮನೆತನಕ್ಕೆ ಸೇರಿದ, ಇನ್ನೂ ಪ್ರಬಲವಾದ ರಾಸಾಯನಿಕವೊಂದು 1948ರಲ್ಲಿ ಇಲಿ ಪಾಷಾಣವಾಗಿ ಮಾರುಕಟ್ಟೆಗೆ ಬಂತು. ಅದೇ ವಾರ್ಫರಿನ್. 1951ರಲ್ಲಿ ಅಮೆರಿಕದ ಸೈನ್ಯಕ್ಕೆ ಸೇರಿದ ಯುವಕನೊಬ್ಬ ಇದನ್ನು ತಿಂದು ಸಾಯಲು ಹೊರಟ. ವೈದ್ಯರು ವಿಟಮಿನ್ ಕೆ ಕೊಟ್ಟು ಬದುಕಿಸಿದರು. ಪಾಷಾಣಕ್ಕೆ ಪ್ರತಿಮದ್ದು ಇದೆ ಎಂದು ಖಾತ್ರಿಯಾದ ಮೇಲೆ ಅದನ್ನು ಮನುಷ್ಯರಿಗೆ ಔಷಧವಾಗಿ ಕೊಡುವ ಧೈರ್ಯವೂ ಬಂತು. 1955ರಲ್ಲಿ ಹೃದಯಾಘಾತವಾದಾಗ ಅಧ್ಯಕ್ಷ ಐಸೆನ್‌ಹೋವರ್ ಅವರಿಗೂ ಇದನ್ನೇ ಕೊಟ್ಟರು.

ಈ ಕಥೆಯಲ್ಲಿ ವಿಟಮಿನ್ ಡಿ ಎಲ್ಲಿ ಬಂತು? ಅದೇ ವಿಶ್ವವಿದ್ಯಾಲಯದ ಅದೇ ವಿಭಾಗದಲ್ಲಿ. ಅಲ್ಲಿನ ಹ್ಯಾರಿ ಸ್ಟೀನ್‌ಬಾಕ್ 1923ರ ಸುಮಾರಿಗೆ ಇಲಿಗಳ ಆಹಾರದ ಮೇಲೆ ಅತಿನೇರಳೆ ಬೆಳಕು ಹಾಯಿಸಿದರೆ ಅವುಗಳಿಗೆ ರಿಕೆಟ್ಸ್ ಬರುವುದಿಲ್ಲ ಎಂದು ಕಂಡುಕೊಂಡಿದ್ದರು. ಮಕ್ಕಳ ಕಾಲಿನ ಮೂಳೆಗಳನ್ನು ಬಿಲ್ಲಿನಂತೆ ಬಾಗಿಸುವ ರೋಗವದು. ದೊಡ್ಡ ಕಂಪನಿಗಳು ಹಣ ಹಿಡಿದು ಬಂದರೂ ಅವರು ಪೇಟೆಂಟನ್ನು ಖಾಸಗಿಯಾಗಿ ಮಾರಲಿಲ್ಲ. ಅದರ ಆದಾಯ ವಿಶ್ವವಿದ್ಯಾಲಯದ ಸಂಶೋಧನೆಗೇ ಸಲ್ಲಲಿ ಎಂದು 1925ರಲ್ಲಿ ಹಳೆಯ ವಿದ್ಯಾರ್ಥಿಗಳ ಪ್ರತಿಷ್ಠಾನವೊಂದು ಹುಟ್ಟಿತು. ಲಿಂಕ್ ಅವರ ಸಂಶೋಧನೆಗೂ ಅದೇ ನೆರವಾಯಿತು, ವಾರ್ಫರಿನ್ ಎಂಬ ಹೆಸರಿನ ಮೊದಲ ಅಕ್ಷರಗಳೂ ಆ ಪ್ರತಿಷ್ಠಾನದ ಇಂಗ್ಲಿಷ್ ಹೆಸರಿನ ಆದ್ಯಕ್ಷರಗಳೇ. ವಿಟಮಿನ್ ಡಿ ದುಡ್ಡಿನಲ್ಲಿ ಬೆಳೆದ ಸಂಸ್ಥೆ, ವಿಟಮಿನ್ ಕೆಯ ಕೆಲಸ ಕೆಡಿಸುವ ಔಷಧಕ್ಕೆ ಹೆಸರು ಕೊಟ್ಟಿತು.

ಆಗ ಈ ಎರಡು ವಿಟಮಿನ್‌ಗಳಿಗೂ ನಂಟಿದೆ ಎಂದು ಯಾರೂ ಎಣಿಸಿರಲಿಲ್ಲ. ಡಿ ಮೂಳೆಗೆ, ಕೆ ರಕ್ತಕ್ಕೆ, ಅಷ್ಟೇ. ಇವತ್ತು ಬೆಂಗಳೂರಿನ ಯಾವುದೇ ಮೆಡಿಕಲ್ ಶಾಪಿಗೆ ಹೋಗಿ ಕ್ಯಾಲ್ಸಿಯಂ ಮಾತ್ರೆ ಕೇಳಿದರೆ ಕೈಗೆ ಬರುವ ಸ್ಟ್ರಿಪ್ಪಿನ ಮೇಲೆ ‘ಡಿ3’ ಪಕ್ಕದಲ್ಲಿ ‘ಕೆ2-7’ ಎಂಬ ಗುರುತೂ ಇರಬಹುದು. ಬರೀ ಡಿ ತೆಗೆದುಕೊಂಡರೆ ಕ್ಯಾಲ್ಸಿಯಂ ಹೋಗಿ ರಕ್ತನಾಳದಲ್ಲಿ ಕೂರುತ್ತದಂತೆ, ಕೆ ಇದ್ದರೆ ಮೂಳೆಗೇ ಹೋಗುತ್ತದಂತೆ ಎಂಬ ಮಾತು ವಾಕಿಂಗ್ ಬಳಗಗಳಲ್ಲಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಮಾರುವವರ ಉಪಮೆಯೂ ಸಿದ್ಧವಾಗಿದೆ: ಡಿ ಎಂದರೆ ಕ್ಯಾಲ್ಸಿಯಂ ಹೊತ್ತು ತರುವ ಲಾರಿ, ಕೆ ಎಂದರೆ ಅದನ್ನು ಸರಿಯಾದ ರಸ್ತೆಗೆ ತಿರುಗಿಸುವ ಟ್ರಾಫಿಕ್ ಪೊಲೀಸ್.

ಕೇಳಲು ಸೊಗಸಾಗಿದೆ. ಪೂರ್ತಿ ಸುಳ್ಳೂ ಅಲ್ಲ, ತೊಡಕಿರುವುದೇ ಅಲ್ಲಿ.

ಕೆಯ ಕಥೆ ಶುರುವಾದದ್ದು ಡೆನ್ಮಾರ್ಕಿನಲ್ಲಿ. ಕೋಪನ್‌ಹೇಗನ್ನಿನ ಹೆನ್ರಿಕ್ ಡ್ಯಾಮ್ 1929ರಲ್ಲಿ ಕೋಳಿಮರಿಗಳಿಗೆ ಕೊಬ್ಬಿಲ್ಲದ ಆಹಾರ ಹಾಕಿ ನೋಡುತ್ತಿದ್ದಾಗ ಅವುಗಳ ಚರ್ಮದಡಿ, ಸ್ನಾಯುಗಳಲ್ಲಿ ರಕ್ತ ಸೋರತೊಡಗಿತು. ಕೊರತೆಯಾದ ವಸ್ತು ಯಾವುದೆಂದು ಹುಡುಕುತ್ತಾ ಅವರು ಹೊಸದೊಂದು ವಿಟಮಿನ್ ಇರಬೇಕೆಂದರು. ಅಮೆರಿಕದ ಎಡ್ವರ್ಡ್ ಡಾಯ್ಸಿ ಅದರ ಎರಡು ರೂಪಗಳನ್ನು ಬೇರ್ಪಡಿಸಿದರು: ಹಸಿರು ಮೇವಿನಿಂದ ಕೆ1, ಕೊಳೆತ ಮೀನಿನ ಹುಡಿಯಿಂದ ಕೆ2. ಮೊದಲನೆಯದು ಸೊಪ್ಪಿನದು, ಎರಡನೆಯದು ಬಹುಮಟ್ಟಿಗೆ ಬ್ಯಾಕ್ಟೀರಿಯಾಗಳ ತಯಾರಿಕೆ. ಇಬ್ಬರಿಗೂ 1943ರ ನೊಬೆಲ್ ಬಂತು.

ಕೆ ಏನು ಮಾಡುತ್ತದೆ ಎಂಬುದು ಅಣುಮಟ್ಟದಲ್ಲಿ ತಿಳಿಯಲು 1974ರ ತನಕ ಕಾಯಬೇಕಾಯಿತು. ಕೆಲವು ಪ್ರೋಟೀನುಗಳಿಗೆ ಕ್ಯಾಲ್ಸಿಯಂ ಹಿಡಿಯುವ ಕೊಕ್ಕೆ ಬೇಕು, ಆ ಕೊಕ್ಕೆ ಕೂರಿಸುವ ಕೆಲಸ ಕೆಯದು. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳಿಗೆ ಕೊಕ್ಕೆ ಇಲ್ಲದಿದ್ದರೆ ಅವು ಕೆಲಸಕ್ಕೆ ಬಾರವು. ಕಾರ್ಲ್‌ಸನ್ನನ ಕ್ಯಾನಿನಲ್ಲಿ ಆಗಿದ್ದು ಇದೇ. ಮುಂದಿನ ಕೆಲವೇ ವರ್ಷಗಳಲ್ಲಿ ಮೂಳೆಯೊಳಗೂ ಇಂಥದೇ ಕೊಕ್ಕೆಯ ಪ್ರೋಟೀನೊಂದು ಸಿಕ್ಕಿತು, ಆಸ್ಟಿಯೋಕ್ಯಾಲ್ಸಿನ್. ಅದನ್ನು ತಯಾರಿಸಲು ಮೂಳೆಕೋಶಗಳಿಗೆ ಆಜ್ಞೆ ಕೊಡುವುದರಲ್ಲಿ ವಿಟಮಿನ್ ಡಿಗೂ ಪಾಲಿದೆ. ಡಿ ಮಾಡಿಸುತ್ತದೆ, ಕೆ ಮುಗಿಸಿಕೊಡುತ್ತದೆ. 1983ರಲ್ಲಿ ಇನ್ನೊಂದು ಪ್ರೋಟೀನ್ ಪತ್ತೆಯಾಯಿತು. ಮ್ಯಾಟ್ರಿಕ್ಸ್ ಗ್ಲಾ ಪ್ರೋಟೀನ್ ಎಂದು ಹೆಸರು. ಮೃದ್ವಸ್ಥಿ, ರಕ್ತನಾಳಗಳು ಕಲ್ಲಾಗದಂತೆ ಕಾಯುವುದು ಕೆಲಸ. ಈ ಪ್ರೋಟೀನೇ ಇಲ್ಲದಂಥ ಇಲಿಮರಿಗಳನ್ನು ಹುಟ್ಟಿಸಿ ನೋಡಿದ ಪ್ರಯೋಗ 1997ರಲ್ಲಿ ಪ್ರಕಟವಾಯಿತು. ಅವುಗಳ ರಕ್ತನಾಳಗಳಲ್ಲಿ ಕ್ಯಾಲ್ಸಿಯಂ ಗಟ್ಟಿಯಾಗಿ, ಎರಡು ತಿಂಗಳೊಳಗೆ ನಾಳ ಒಡೆದು ಸತ್ತುಹೋದವು.

ಮೂರು ವರ್ಷದ ನಂತರ ಕ್ಯಾಲಿಫೋರ್ನಿಯಾದ ಪಾಲ್ ಪ್ರೈಸ್ ಅವರ ತಂಡ ಇಲಿಗಳಿಗೆ ವಾರ್ಫರಿನ್ ಕೊಟ್ಟು ಕೆಯ ಕೆಲಸ ತಡೆದು, ಮೇಲಿಂದ ವಿಟಮಿನ್ ಡಿಯನ್ನೂ ಭಾರಿ ಪ್ರಮಾಣದಲ್ಲಿ ಕೊಟ್ಟಿತು. ರಕ್ತನಾಳಗಳು ಇನ್ನೂ ಬೇಗ ಸುಣ್ಣಗಟ್ಟಿದವು. ಮಾತ್ರೆ ಕಂಪನಿಗಳ ಲಾರಿ-ಪೊಲೀಸ್ ಕಥೆಯ ಬೇರು ಇಲ್ಲಿದೆ. ಬೇರು ಗಟ್ಟಿಯೇ. ಆದರೆ ಆ ಇಲಿಗಳಿಗೆ ಕೊಟ್ಟದ್ದು ವಿಷದ ಪ್ರಮಾಣ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅಂದಹಾಗೆ 1980ರ ದಶಕದಿಂದ ವಿಟಮಿನ್ ಡಿ3 ಕೂಡ ಇಲಿ ಪಾಷಾಣವಾಗಿ ಮಾರಾಟವಾಗುತ್ತಿದೆ. ವಾರ್ಫರಿನ್ ತಿಂದ ಇಲಿ ರಕ್ತ ಸೋರಿ ಸಾಯುತ್ತದೆ, ಡಿ3 ತಿಂದದ್ದು ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಸಾಯುತ್ತದೆ.

ಮನುಷ್ಯರ ಮಾತಿಗೆ ಬಂದರೆ ಮೊದಲು ಜಪಾನಿಗೆ ಹೋಗಬೇಕು. ಅಲ್ಲಿ ಬೆಳಗಿನ ಅನ್ನದ ಜೊತೆ ನ್ಯಾಟೊ ಎಂಬ ಪದಾರ್ಥ ತಿನ್ನುತ್ತಾರೆ. ಬೇಯಿಸಿದ ಸೋಯಾಕಾಳಿಗೆ ಒಂದು ಜಾತಿಯ ಬ್ಯಾಕ್ಟೀರಿಯಾ ಹಾಕಿ ಹುದುಗಿಸಿದ್ದು. ಎಳೆ ಎಳೆಯಾಗಿ ಅಂಟು ಬಿಡುವ, ಗಾಢ ವಾಸನೆಯ ಪದಾರ್ಥ. ಅಭ್ಯಾಸವಿಲ್ಲದವರಿಗೆ ಹತ್ತಿರ ಕೂರುವುದೂ ಕಷ್ಟ. ನೂರು ಗ್ರಾಂ ನ್ಯಾಟೊದಲ್ಲಿ ಸುಮಾರು ಸಾವಿರ ಮೈಕ್ರೋಗ್ರಾಂ ಕೆ2 ಇರುತ್ತದೆ, ಅದೂ ಎಂಕೆ-7 ಎಂಬ ರೂಪದಲ್ಲಿ. ನಮ್ಮ ಸ್ಟ್ರಿಪ್ಪಿನ ಮೇಲಿನ ‘7’ ಅದೇ. ಪೂರ್ವ ಜಪಾನಿನವರು ನ್ಯಾಟೊ ಹೆಚ್ಚು ತಿನ್ನುತ್ತಾರೆ, ಪಶ್ಚಿಮದವರು ಕಡಿಮೆ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಹಿಳೆಯರ ರಕ್ತದಲ್ಲಿ ಎಂಕೆ-7 ಅಳೆದು ನೋಡಿತು: ಟೋಕಿಯೋದಲ್ಲಿ ಮಿಲಿಲೀಟರಿಗೆ 5 ನ್ಯಾನೊಗ್ರಾಂ ಮೀರಿತ್ತು, ಹಿರೋಶಿಮಾದಲ್ಲಿ 1.2, ಬ್ರಿಟನ್ನಿನಲ್ಲಿ 0.4ಕ್ಕೂ ಕಡಿಮೆ. ನ್ಯಾಟೊ ಹೆಚ್ಚು ತಿನ್ನುವ ಪ್ರಾಂತ್ಯಗಳಲ್ಲಿ ಸೊಂಟದ ಮೂಳೆ ಮುರಿತ ಕಡಿಮೆ ಎಂಬುದೂ ಗೊತ್ತಾಯಿತು. ನಮ್ಮಲ್ಲಿ ಮಣಿಪುರದ ಹವಾಯ್‌ಜಾರ್, ಸಿಕ್ಕಿಂನ ಕಿನೆಮಾ ಇದೇ ಬಗೆಯ ಬ್ಯಾಕ್ಟೀರಿಯಾದಿಂದ ಹುದುಗುವ ಸೋಯಾ ಪದಾರ್ಥಗಳು. ಇಡ್ಲಿ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳ ಬಳಗ ಬೇರೆ.

ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಂನಲ್ಲಿ 4,807 ಜನರನ್ನು ಗಮನಿಸುತ್ತಾ ಬಂದ ಅಧ್ಯಯನದ ವರದಿ 2004ರಲ್ಲಿ ಬಂತು. ಕೆ2 ಹೆಚ್ಚು ತಿಂದವರಲ್ಲಿ ಹೃದಯದ ಕಾಯಿಲೆಯಿಂದ ಸತ್ತವರು ಕಡಿಮೆ ಎಂದು ಅದು ಹೇಳಿತು. ಅವರಿಗೆ ಕೆ2 ಬಂದದ್ದು ಹೆಚ್ಚಾಗಿ ಚೀಸ್, ಮಾಂಸ, ಮೊಟ್ಟೆಗಳಿಂದ. ಇಂಥ ಅಧ್ಯಯನಗಳಿಗೊಂದು ಮಿತಿ ಇದೆ: ನ್ಯಾಟೊ ತಿನ್ನುವವರು ಬೇರೇನು ತಿನ್ನುತ್ತಾರೆ, ಎಷ್ಟು ನಡೆಯುತ್ತಾರೆ, ಸಿಗರೇಟು ಸೇದುತ್ತಾರೋ ಇಲ್ಲವೋ ಎಂಬುದನ್ನೆಲ್ಲ ಪೂರ್ತಿ ಬಿಡಿಸಿ ನೋಡಲಾಗದು. ಅದಕ್ಕೇ ಅರ್ಧ ಜನರಿಗೆ ಮಾತ್ರೆ, ಅರ್ಧ ಜನರಿಗೆ ಹುಸಿ ಮಾತ್ರೆ ಕೊಟ್ಟು ನೋಡುವ ಪ್ರಯೋಗ ಬೇಕಾಗುತ್ತದೆ.

ಅಂಥವು ಆಗಿವೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನೆದರ್‌ಲ್ಯಾಂಡ್ಸಿನದೇ ಮಾಸ್ಟ್ರಿಕ್ಟ್ ನಗರದ ಸಂಶೋಧಕರು ಮುಟ್ಟು ನಿಂತ 244 ಆರೋಗ್ಯವಂತ ಮಹಿಳೆಯರಿಗೆ ಮೂರು ವರ್ಷ ದಿನಕ್ಕೆ 180 ಮೈಕ್ರೋಗ್ರಾಂ ಎಂಕೆ-7 ಅಥವಾ ಹುಸಿ ಮಾತ್ರೆ ಕೊಟ್ಟರು. ವಿಟಮಿನ್ ಸಿಕ್ಕವರ ಬೆನ್ನುಮೂಳೆ, ತೊಡೆಮೂಳೆಯ ಕತ್ತಿನ ಸವೆತ ಸ್ವಲ್ಪ ನಿಧಾನವಾಯಿತು. ಮಾತ್ರೆ ಮಾರುವವರ ಕರಪತ್ರಗಳಲ್ಲಿ ಮೆರೆಯುವುದು ಈ ಅಧ್ಯಯನ. ಎಂಕೆ-7 ತಯಾರಿಸುವ ಕಂಪನಿಯ ನೆರವು ಇದಕ್ಕಿತ್ತು. ಅದರಿಂದಲೇ ಫಲಿತಾಂಶ ಸುಳ್ಳಾಗುವುದಿಲ್ಲ, ನಿಜ. ಆದರೆ 2021ರಲ್ಲಿ ಡೆನ್ಮಾರ್ಕಿನಿಂದ ಬಂದ ಇನ್ನೊಂದು ಪ್ರಯೋಗ ಕರಪತ್ರಗಳಲ್ಲಿ ಕಾಣುವುದಿಲ್ಲ. ಅಲ್ಲಿ ಮೂಳೆ ತೆಳುವಾಗಲು ಶುರುವಾಗಿದ್ದ 142 ಮಹಿಳೆಯರು. ಎಲ್ಲರಿಗೂ ಕ್ಯಾಲ್ಸಿಯಂ ಮತ್ತು ಡಿ ಕೊಟ್ಟು, ಅರ್ಧ ಜನರಿಗೆ ಮಾತ್ರ 375 ಮೈಕ್ರೋಗ್ರಾಂ ಎಂಕೆ-7 ಸೇರಿಸಿದರು. ಮೂರು ವರ್ಷ ಕಳೆದರೂ ಎರಡು ಗುಂಪಿನ ಮೂಳೆಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ‘ಡಿ ಜೊತೆಗೆ ಕೆ ಬೇಕೇ’ ಎಂಬ ನಮ್ಮ ಪ್ರಶ್ನೆಯನ್ನು ನೇರವಾಗಿ ಕೇಳಿದ್ದು ಈ ಎರಡನೆಯ ಪ್ರಯೋಗವೇ.

ರಕ್ತನಾಳದ ಕಡೆಗೂ ಡೆನ್ಮಾರ್ಕಿನವರೇ ನೋಡಿದರು. ಹೃದಯದ ಮಹಾಪಧಮನಿಯ ಕವಾಟದಲ್ಲಿ ಕ್ಯಾಲ್ಸಿಯಂ ಕಟ್ಟಿಕೊಂಡಿದ್ದ 365 ಗಂಡಸರಿಗೆ ಎರಡು ವರ್ಷ ದಿನಕ್ಕೆ 720 ಮೈಕ್ರೋಗ್ರಾಂ ಎಂಕೆ-7, 25 ಮೈಕ್ರೋಗ್ರಾಂ ವಿಟಮಿನ್ ಡಿ ಒಟ್ಟಿಗೆ ಕೊಟ್ಟರು ಅಥವಾ ಹುಸಿ ಮಾತ್ರೆ ಕೊಟ್ಟರು. 2022ರಲ್ಲಿ ‘ಸರ್ಕ್ಯುಲೇಶನ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕವಾಟದ ಸುಣ್ಣ ಎರಡೂ ಗುಂಪಿನಲ್ಲಿ ಒಂದೇ ವೇಗದಲ್ಲಿ ಹೆಚ್ಚಿತ್ತು. ಹೃದಯದ ಸ್ವಂತ ರಕ್ತನಾಳಗಳಲ್ಲಿ ಮೊದಲೇ ವಿಪರೀತ ಕ್ಯಾಲ್ಸಿಯಂ ಇದ್ದವರಲ್ಲಿ ಮಾತ್ರ ಅಲ್ಪಸ್ವಲ್ಪ ಆಶಾದಾಯಕ ಸೂಚನೆ ಕಂಡಿತು. ಅಂಥವರನ್ನೇ ಆರಿಸಿಕೊಂಡು ಅವರು ಇನ್ನೊಂದು ಪ್ರಯೋಗಕ್ಕೆ ಇಳಿದಿದ್ದಾರೆ.

ಈ ನಡುವೆ ಕೆ ಸಂಶೋಧನೆಗೆ ಒಂದು ಕಳಂಕವೂ ಅಂಟಿತು. ಜಪಾನಿನ ಯೋಶಿಹಿರೊ ಸಾಟೊ ಎಂಬ ವೈದ್ಯ, ಕೆಯಿಂದ ಮೂಳೆ ಮುರಿತ ಬಹಳ ಇಳಿಯುತ್ತದೆ ಎಂದು ಹಲವು ಪ್ರಯೋಗಗಳ ವರದಿ ಪ್ರಕಟಿಸಿದ್ದರು. ನ್ಯೂಜಿಲೆಂಡ್ ಮತ್ತು ಸ್ಕಾಟ್‌ಲ್ಯಾಂಡಿನ ಸಂಶೋಧಕರು ಆ ಅಂಕಿಗಳನ್ನು ಜರಡಿ ಹಿಡಿದಾಗ ಅವು ನಂಬುವಂಥವಲ್ಲ ಎಂದು ಗೊತ್ತಾಯಿತು. ಪ್ರಬಂಧಗಳು ಒಂದೊಂದಾಗಿ ರದ್ದಾದವು. ಆ ಪ್ರಬಂಧಗಳನ್ನು ನಂಬಿ 2006ರಲ್ಲಿ ಬಂದಿದ್ದ ಒಂದು ಪ್ರಭಾವಿ ವಿಶ್ಲೇಷಣೆಯನ್ನು 2018ರಲ್ಲಿ ಹಿಂಪಡೆದು ಹೊಸದಾಗಿ ಲೆಕ್ಕ ಹಾಕಬೇಕಾಯಿತು.

ಕೆ2ಗೆ ಬೇರೆ ಉಪಯೋಗ ಸಿಗಬಾರದೆಂದೇನಿಲ್ಲ. 2024ರಲ್ಲಿ ಪ್ರಕಟವಾದ ಚೀನಾದ ಪ್ರಯೋಗವೊಂದರಲ್ಲಿ, ರಾತ್ರಿ ಕಾಲಿನ ಮೀನಖಂಡ ಹಿಡಿದುಕೊಳ್ಳುವ 199 ಹಿರಿಯರಿಗೆ ಎಂಟು ವಾರ ಕೊಟ್ಟು ನೋಡಿದಾಗ ಸೆಳೆತ ಗಣನೀಯವಾಗಿ ಇಳಿಯಿತು. ಒಂದೇ ಪ್ರಯೋಗ, ಚಿಕ್ಕದು. ಆದರೂ ಮೂಳೆ, ಹೃದಯಗಳ ಅಬ್ಬರದ ನಡುವೆ ಈ ಸಣ್ಣ ಫಲಿತಾಂಶವೇ ಹೆಚ್ಚು ಪ್ರಾಮಾಣಿಕವಾಗಿ ಕಾಣುತ್ತದೆ.

ಇನ್ನು ಡಿಯ ಪಾಡು. ಅದರ ಮೇಲೆ ಹಾಕಿದ ನಿರೀಕ್ಷೆ ಇನ್ನೂ ದೊಡ್ಡದಿತ್ತು. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ‘ವೈಟಲ್’ ಪ್ರಯೋಗದಲ್ಲಿ ಅರ್ಧ ಜನ ಐದು ವರ್ಷಕ್ಕೂ ಮಿಕ್ಕಿ ದಿನಕ್ಕೆ 2,000 ಐಯು (ಅಂತರರಾಷ್ಟ್ರೀಯ ಯೂನಿಟ್) ಡಿ3 ನುಂಗಿದರು. ಕ್ಯಾನ್ಸರ್ ಬರುವುದೂ ಹೃದಯಾಘಾತವೂ ಕಡಿಮೆಯಾಗಲಿಲ್ಲ ಎಂದು 2018ರಲ್ಲಿ, ಮೂಳೆ ಮುರಿತವೂ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿಗಳು ಬಂದವು. ಅಲ್ಲಿ ಭಾಗವಹಿಸಿದವರಲ್ಲಿ ಹೆಚ್ಚಿನವರಿಗೆ ಡಿ ಕೊರತೆ ಇರಲಿಲ್ಲ ಎಂಬುದು ಮುಖ್ಯ. ನಿಜವಾದ ಕೊರತೆಯಿಂದ ಮೂಳೆ ಮೆತ್ತಗಾದವರಿಗೆ ಡಿ ಇಂದಿಗೂ ಮದ್ದೇ. ಕೊರತೆ ಇಲ್ಲದವರಿಗೆ ಮೇಲಿಂದ ಸುರಿದರೆ ಲಾಭವಿಲ್ಲ ಎಂಬುದಷ್ಟೇ ಈ ಪ್ರಯೋಗದ ಪಾಠ. ಆರೋಗ್ಯವಾಗಿರುವ ವಯಸ್ಕರಿಗೆ ಸುಮ್ಮಸುಮ್ಮನೆ ಡಿ ಪರೀಕ್ಷೆ ಮಾಡಿಸುವುದೇ ಬೇಡ ಎಂದು ಅಮೆರಿಕದ ಎಂಡೋಕ್ರೈನ್ ಸೊಸೈಟಿ 2024ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮ ಲ್ಯಾಬ್‌ಗಳ ‘ಫುಲ್ ಬಾಡಿ ಪ್ಯಾಕೇಜ್’ಗಳಿಗೆ ಇದು ಹಿಡಿಸುವ ಮಾತಲ್ಲ.

ನಮ್ಮಲ್ಲಿ ಡಿ ಎಂದರೆ 60,000 ಐಯು. ವಾರಕ್ಕೊಂದರಂತೆ ಕೆಲವು ವಾರ ಹಾಲಿಗೆ ಕಲಸಿ ಕುಡಿಯುವ ಸ್ಯಾಚೆ ಅಥವಾ ಕ್ಯಾಪ್ಸೂಲ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ವಯಸ್ಕರಿಗೆ ನಿಗದಿ ಮಾಡಿದ ದಿನದ ಪ್ರಮಾಣ 600 ಐಯು. ಅಂದರೆ ಒಂದು ಸ್ಯಾಚೆ ನೂರು ದಿನದ ಲೆಕ್ಕ. ಕೊರತೆ ತೀರಿಸಲು ವೈದ್ಯರು ಎಂಟು ವಾರಕ್ಕೆ ಬರೆದದ್ದನ್ನು ಕೆಲವರು ತಿಂಗಳುಗಟ್ಟಲೆ ತಾವೇ ಮುಂದುವರಿಸುತ್ತಾರೆ, ಇನ್ನು ಕೆಲವರು ವಾರಕ್ಕೊಂದು ಎಂಬುದನ್ನು ದಿನಕ್ಕೊಂದು ಎಂದು ತಿಳಿಯುತ್ತಾರೆ. ಚೀಟಿ ಇಲ್ಲದೆಯೂ ಸಿಗುವುದರಿಂದ ತಡೆಯುವವರೂ ಇಲ್ಲ. ಅತಿಯಾದಾಗ ರಕ್ತದಲ್ಲಿ ಕ್ಯಾಲ್ಸಿಯಂ ಏರುತ್ತದೆ: ಬಾಯಾರಿಕೆ, ಪದೇಪದೇ ಮೂತ್ರ, ಮಲಬದ್ಧತೆ, ವಾಂತಿ, ಮಂಕು, ಕೊನೆಗೆ ಮೂತ್ರಪಿಂಡಕ್ಕೆ ಪೆಟ್ಟು. ಶ್ರೀನಗರದ ವೈದ್ಯರು ಭಾರಿ ಪ್ರಮಾಣದ ಡಿ ಇಂಜೆಕ್ಷನ್‌ಗಳನ್ನು ಮೇಲಿಂದ ಮೇಲೆ ಚುಚ್ಚಿಸಿಕೊಂಡು ಹೀಗಾದವರ ಪ್ರಕರಣಗಳನ್ನು ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಿಸಿದ್ದಾರೆ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಮಹಿಳೆಯರ ಮೇಲೆ ನಡೆದ ಪ್ರಯೋಗ ಇನ್ನೂ ವಿಚಿತ್ರ. ವರ್ಷಕ್ಕೊಮ್ಮೆ 5 ಲಕ್ಷ ಐಯು ಒಂದೇ ಸಲ ಕೊಟ್ಟವರಲ್ಲಿ ಬೀಳುವುದೂ ಮೂಳೆ ಮುರಿಯುವುದೂ ಹೆಚ್ಚಾಯಿತು.

ಕೆ2 ಸೇರಿಸಿದ ಮಾತ್ರೆಯ ನಿಜವಾದ ಅಪಾಯ ಇಲ್ಲಿದೆ ಎನ್ನಬೇಕು. ಕೆ ತಾನಾಗಿ ವಿಷವಲ್ಲ. ಆದರೆ ‘ಕೆ ಇದೆಯಲ್ಲ, ಡಿ ಎಷ್ಟು ತೆಗೆದುಕೊಂಡರೂ ಕ್ಯಾಲ್ಸಿಯಂ ಸರಿಯಾದ ಜಾಗಕ್ಕೇ ಹೋಗುತ್ತದೆ’ ಎಂಬ ಭರವಸೆ ಹುಟ್ಟಿದರೆ ಡಿಯ ಪ್ರಮಾಣಕ್ಕೆ ಲಗಾಮು ಇರುವುದಿಲ್ಲ. ಡಿಯ ಅತಿರೇಕದಿಂದ ಮನುಷ್ಯರನ್ನು ಕೆ ಕಾಯುತ್ತದೆ ಎಂದು ಯಾವ ಪ್ರಯೋಗವೂ ತೋರಿಸಿಲ್ಲ. ಮಿತವಾದ ಡಿ ತೆಗೆದುಕೊಳ್ಳುವವರು ಕೆ ಇಲ್ಲವೆಂದು ಹೆದರಬೇಕಾದ ಕಾರಣವೂ ಇಲ್ಲ.

ಅಷ್ಟಕ್ಕೂ ಕೆ ನಮ್ಮ ಅಡುಗೆಮನೆಗೆ ಅಪರಿಚಿತವೇ? ದಿನಕ್ಕೆ ಬೇಕಾದದ್ದು ಗಂಡಸರಿಗೆ 120, ಹೆಂಗಸರಿಗೆ 90 ಮೈಕ್ರೋಗ್ರಾಂ ಎಂಬುದು ಅಮೆರಿಕದ ಲೆಕ್ಕ. ನೂರು ಗ್ರಾಂ ಹಸಿ ಪಾಲಕ್ಕಿನಲ್ಲೇ ಸುಮಾರು 480 ಇದೆ. ಹರಿವೆ, ಮೆಂತ್ಯ, ನುಗ್ಗೆ ಸೊಪ್ಪು ಯಾವುದೂ ಕಡಿಮೆಯದಲ್ಲ. ಸೊಪ್ಪಿನ ಕೆ1 ಎಲೆಯೊಳಗೆ ಬಿಗಿಯಾಗಿ ಹುದುಗಿರುವುದರಿಂದ ಎಲ್ಲವೂ ಮೈಗೆ ಹತ್ತುವುದಿಲ್ಲ, ಜಿಡ್ಡು ಜೊತೆಗಿದ್ದರೆ ಹೆಚ್ಚು ಹತ್ತುತ್ತದೆ. ಬಸ್ಸಾರಿನ ಪಲ್ಯಕ್ಕೆ ಹಾಕುವ ಎಣ್ಣೆ ಒಗ್ಗರಣೆ, ತೆಂಗಿನತುರಿ, ಮಸ್ಸೊಪ್ಪಿನ ಮೇಲೆ ಬಿಡುವ ತುಪ್ಪ ಆ ಕೆಲಸಕ್ಕೆ ಸಾಕು. ಡಿ ಮಾತ್ರೆಯೂ ಹಾಗೇ, ಬರಿಹೊಟ್ಟೆಯಲ್ಲಿ ನುಂಗುವುದಕ್ಕಿಂತ ಊಟದ ಜೊತೆ ಒಳ್ಳೆಯದು. ವಯಸ್ಕರಲ್ಲಿ ಕೆ ಕೊರತೆ ಅಪರೂಪ. ಯಕೃತ್ತಿನ ಕಾಯಿಲೆ ಇರುವವರು, ಕೊಬ್ಬು ಜೀರ್ಣವಾಗದವರು, ದೀರ್ಘಕಾಲ ಆಂಟಿಬಯಾಟಿಕ್ ತೆಗೆದುಕೊಂಡವರ ಮಾತು ಬೇರೆ. ನಿಜವಾಗಿ ಕೊರತೆ ಇರುವುದು ಆಗತಾನೇ ಹುಟ್ಟಿದ ಕೂಸಿಗೆ. ಹೆರಿಗೆಯಾದೊಡನೆ ಮಗುವಿನ ತೊಡೆಗೆ ಚುಚ್ಚುವ ಒಂದು ಮಿಲಿಗ್ರಾಂ ಇಂಜೆಕ್ಷನ್ ಕೆ1ದು, ಮಿದುಳಿನಲ್ಲಿ ರಕ್ತಸ್ರಾವವಾಗದಿರಲಿ ಎಂದು. ಕೆಯ ಲಾಭದ ಬಗ್ಗೆ ಅನುಮಾನವೇ ಇಲ್ಲದ ಜಾಗವೆಂದರೆ ಅದು.

ಡಿ ಮಾತ್ರ ಊಟದಲ್ಲಿ ಸುಲಭವಾಗಿ ಸಿಗದು. ಮೊಟ್ಟೆಯ ಹಳದಿ, ಬಂಗುಡೆಯಂಥ ಜಿಡ್ಡಿನ ಮೀನು, ‘+ಎಫ್’ ಗುರುತಿನ ಹಾಲು, ಎಣ್ಣೆ, ಅಷ್ಟೇ. ಉಳಿದದ್ದು ಬಿಸಿಲಿನ ಪಾಲು. ತಿರುಪತಿಯಲ್ಲಿ ಸಿ.ವಿ. ಹರಿನಾರಾಯಣ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಚರ್ಮದಲ್ಲಿ ಡಿ ಚೆನ್ನಾಗಿ ತಯಾರಾಗುವುದು ಬೆಳಗಿನ 11ರಿಂದ ಮಧ್ಯಾಹ್ನ 2ರ ನಡುವಿನ ಬಿಸಿಲಿನಲ್ಲಿ ಎಂದು ಕಂಡಿತು. ಬೆಂಗಳೂರು ತಿರುಪತಿಗಿಂತ ತುಸುವೇ ದಕ್ಷಿಣಕ್ಕಿರುವುದರಿಂದ ಇಲ್ಲಿಗೂ ಹೆಚ್ಚುಕಡಿಮೆ ಅದೇ ಲೆಕ್ಕ. ‘ಎಳೆಬಿಸಿಲು ಒಳ್ಳೆಯದು’ ಎಂದು ಆರೂವರೆಗೆ ಪಾರ್ಕಿಗೆ ಹೋಗಿ ಬರುವವರಿಗೆ ವಾಕಿಂಗಿನ ಲಾಭವಿದೆ, ಡಿಯ ಲಾಭ ಅಷ್ಟಕ್ಕಷ್ಟೆ. ಹೊಲದಲ್ಲಿ ದುಡಿಯುವವರಲ್ಲಿ ಡಿ ಹೆಚ್ಚು, ನೆರಳಲ್ಲಿ ಕೂರುವ ನಗರದವರಲ್ಲಿ ಕಡಿಮೆ ಎಂದೂ ಅದೇ ತಂಡದ ಅಧ್ಯಯನಗಳು ತೋರಿಸಿವೆ. ಲಂಡನ್ನಿನಲ್ಲೋ ಬಾಸ್ಟನ್ನಿನಲ್ಲೋ ನೆಲೆಸಿದ ಕನ್ನಡಿಗರ ಪರಿಸ್ಥಿತಿ ಬೇರೆ. ಚಳಿಗಾಲದಲ್ಲಿ ಅಲ್ಲಿನ ಬಿಸಿಲಿಗೆ ಡಿ ತಯಾರಿಸುವ ಕಸುವಿಲ್ಲ, ಕಂದುಚರ್ಮಕ್ಕೆ ಇನ್ನೂ ಹೆಚ್ಚು ಬಿಸಿಲು ಬೇಕು. ಬ್ರಿಟನ್ ಸರ್ಕಾರ ಎಲ್ಲರಿಗೂ ಚಳಿಗಾಲದಲ್ಲಿ ದಿನಕ್ಕೆ 400 ಐಯು ತೆಗೆದುಕೊಳ್ಳಿ ಎನ್ನುತ್ತದೆ. ಅಂಥವರು ಅಲ್ಲಿಂದ ಊರಿಗೆ ಫೋನ್ ಮಾಡಿ ‘ಅಮ್ಮಾ, ನೀನೂ ತಗೋ’ ಎಂದು ಡಬ್ಬಿ ಕಳಿಸುವಾಗ ಅಮ್ಮನ ಬೇರೆ ಮಾತ್ರೆಗಳ ಹೆಸರನ್ನೊಮ್ಮೆ ಕೇಳಿಕೊಳ್ಳಬೇಕು.

ಯಾಕೆಂದರೆ ಅದರಲ್ಲಿ ವಾರ್ಫರಿನ್ ಇರಬಹುದು, ಅಥವಾ ಅದೇ ಜಾತಿಯ ಅಸಿನೊಕೌಮರಾಲ್. ಚಿಕ್ಕಂದಿನಲ್ಲಿ ಕೀಲುಜ್ವರ ಬಂದು ಹೃದಯದ ಕವಾಟ ಕೆಟ್ಟು, ಲೋಹದ ಕವಾಟ ಹಾಕಿಸಿಕೊಂಡವರು ನಮ್ಮಲ್ಲಿ ಬಹಳ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪಿಸಿದ ಕವಾಟ 1990ರಲ್ಲಿ ಮೊದಲ ರೋಗಿಯ ಎದೆ ಸೇರಿದ ಮೇಲೆ ಬಡವರಿಗೂ ಈ ಶಸ್ತ್ರಚಿಕಿತ್ಸೆ ಎಟುಕಿತು. ಆ ಕವಾಟದ ಮೇಲೆ ರಕ್ತ ಗಟ್ಟಿಯಾಗದಂತೆ ಬದುಕಿಡೀ ಈ ಮಾತ್ರೆ ನುಂಗಬೇಕು, ವೈದ್ಯರು ಹೇಳಿದಂತೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪಿಟಿ-ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು. ಮಾತ್ರೆಯ ಕೆಲಸವೇ ಕೆಯನ್ನು ತಡೆಯುವುದು. ಕ್ಯಾಲ್ಸಿಯಂ ಸ್ಟ್ರಿಪ್ಪಿನೊಳಗೆ ಅವಿತ ಕೆ2 ಆ ತಡೆಯನ್ನು ಸಡಿಲಿಸುತ್ತದೆ. ದಿನಕ್ಕೆ 10 ಮೈಕ್ರೋಗ್ರಾಂ ಎಂಕೆ-7 ಕೂಡ ಕೆಲವರಲ್ಲಿ ಐಎನ್‌ಆರ್ ಏರುಪೇರು ಮಾಡಬಲ್ಲದು ಎಂದು 2013ರ ಪ್ರಯೋಗವೊಂದು ತೋರಿಸಿದೆ. ಮಾರುಕಟ್ಟೆಯ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಅದರ ಹಲವು ಪಟ್ಟು ಇರುತ್ತದೆ. ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದರೆ ಲಕ್ವ ಹೊಡೆಯಬಹುದು, ಕವಾಟವೇ ಸಿಕ್ಕಿಕೊಳ್ಳಬಹುದು.

ಇಂಥವರಿಗೆ ಸೊಪ್ಪು ಬೇಡವೆಂದಲ್ಲ. ವಾರದಿಂದ ವಾರಕ್ಕೆ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿಂದರೆ ವೈದ್ಯರು ಅದಕ್ಕೆ ಹೊಂದುವಂತೆ ಔಷಧದ ಪ್ರಮಾಣ ಕೂರಿಸುತ್ತಾರೆ. ಹೊಸ ಬಗೆಯ ರಕ್ತ ತೆಳುಮಾಡುವ ಮಾತ್ರೆಗಳು, ಅಪಿಕ್ಸಾಬಾನ್, ರಿವರೊಕ್ಸಾಬಾನ್, ಕೆಯ ದಾರಿಗೆ ಹೋಗುವುದಿಲ್ಲ. ಆದರೆ ಲೋಹದ ಕವಾಟ ಇರುವವರಿಗೆ ಅವು ಸಲ್ಲವು. ಮೂಳೆಗೆಂದು ಕ್ಯಾಲ್ಸಿಯಂ ಅಥವಾ ಡಿ ಬೇಕಾದಾಗ ಇವರು ಅಂಗಡಿಯಲ್ಲಿ ‘ಕೆ ಇಲ್ಲದ್ದು ಕೊಡಿ’ ಎಂದು ಕೇಳಿ ತೆಗೆದುಕೊಳ್ಳಬೇಕು, ಸ್ಟ್ರಿಪ್ಪಿನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ‘ಮೆನಾಕ್ವಿನೋನ್’ ಎಂಬ ಪದವಿದೆಯೇ ಎಂದೂ ನೋಡಿಕೊಳ್ಳಬೇಕು. ಕೆ2 ಕೆಲವು ಸಲ ಇರುವುದು ಆ ಹೆಸರಿನಲ್ಲಿ.